ಗಿಡುಗನ ಕಾಲಿಗೊಂದು ಕಡಗ

ಶನಿವಾರ ಬೆಳಿಗ್ಗೆ ಏಳೂವರೆ. ನಾನು ಒಂದು ಮರದ ಗೂಡಿನೊಳಗೆ ಕೂತಿದ್ದೆ. ಹೊಲ ಕಾಯಲು ಕಟ್ಟುತ್ತಾರಲ್ಲ ಅಟ್ಟಣೆ, ಅದನ್ನು ನೆಲಕ್ಕಿಳಿಸಿ ಸುತ್ತ ಹಲಗೆ ಬಡಿದರೆ ಹೇಗಿರುತ್ತೆ, ಹಾಗೆ. ಮೂರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವಷ್ಟು ಜಾಗ. ಎದುರಿಗೆ ಒಂದು ಗೇಣು ಅಗಲದ ಕಿಂಡಿ. ನನ್ನ ಕೈಯಲ್ಲಿ ಒಂದು ದಾರ. ದಾರದ ಆ ತುದಿಯಲ್ಲಿ, ಒಂದಿಪ್ಪತ್ತು ಮೀಟರ್ ಆಚೆ, ಚರ್ಮದ ಜಾಕೆಟ್ ಹಾಕಿಕೊಂಡ ಒಂದು ಪಾರಿವಾಳ.

ಗಿಡುಗ ಕಂಡರೆ ದಾರ ಎಳೆಯಬೇಕು. ಪಾರಿವಾಳ ರೆಕ್ಕೆ ಬಡಿಯುತ್ತೆ. ಗಿಡುಗ ತಿರುಗಿ ನೋಡುತ್ತೆ. ಇಷ್ಟೇ ನನ್ನ ಕೆಲಸ. ಮೊದಲ ಒಂದು ಗಂಟೆ ಅದನ್ನೂ ಮಾಡಲಿಲ್ಲ. ಸುಮ್ನೆ ಕೂತು ಕೈ ಉಜ್ಜಿಕೊಂಡೆವು.

ಊರು ಡುಲುತ್. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ಪಶ್ಚಿಮದ ತುದಿಯಲ್ಲಿದೆ. ನಾನಿರುವ ಮಿನಿಯಾಪೊಲಿಸ್‌ನಿಂದ ಎರಡೂವರೆ ಗಂಟೆ ಡ್ರೈವ್. ಊರಿನ ಮೇಲಿರುವ ಗುಡ್ಡದ ಸಾಲಿಗೆ ಹಾಕ್ ರಿಡ್ಜ್ ಅಂತ ಹೆಸರು. ಮೂರು ವರ್ಷ ಸೆಪ್ಟೆಂಬರ್ ಬಂದರೆ ಸಾಕು, ದುರ್ಬೀನು ಹಿಡಿದು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ನಾಲ್ಕನೇ ವರ್ಷ, ಪರಿಚಯವಾಗಿದ್ದ ಬ್ಯಾಂಡರ್ ಒಬ್ಬರು "ಎರಡು ದಿನ ಬಂದು ಸಹಾಯ ಮಾಡು, ಬರೆದುಕೊಳ್ಳೋಕೆ ಒಬ್ಬರು ಬೇಕು" ಅಂದರು. ಬ್ಯಾಂಡರ್ ಅಂದರೆ, ಹಕ್ಕಿ ಮುಂದೆ ಎಲ್ಲಿ ಸಿಕ್ಕಿತು ಅಂತ ಗೊತ್ತಾಗಲಿ ಅಂತ ಅದನ್ನು ಹಿಡಿದು ಕಾಲಿಗೆ ನಂಬರಿನ ಬಳೆ ಹಾಕುವವರು. ಅದಕ್ಕೆ ಕೇಂದ್ರ ಸರ್ಕಾರದ ಪರ್ಮಿಟ್ ಬೇಕು. ನನ್ನಂಥವರು ಏನಿದ್ದರೂ ಅವರ ಕಣ್ಣೆದುರಿಗೇ ಮಾಡಬೇಕು.

ಗಿಡುಗಗಳು ಇಲ್ಲಿಗೇ ಯಾಕೆ ಬರಬೇಕು ಅಂದರೆ, ಸರೋವರಕ್ಕೆ ಹೆದರಿ. ಸುಪೀರಿಯರ್ ಅಂದರೆ ಕೆರೆಯಲ್ಲ. ಉದ್ದವೇ 560 ಕಿಲೋಮೀಟರ್. ವಿಸ್ತೀರ್ಣ 82,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ. ನೆಲ ಬಿಸಿಯಾದಾಗ ಮೇಲೇಳುವ ಗಾಳಿಯ ಮೇಲೆ ಕೂತು ಗಿಡುಗಗಳು ಹೆಚ್ಚು ಕಷ್ಟವಿಲ್ಲದೆ ಸಾಗುತ್ತವೆ. ತಣ್ಣನೆ ನೀರಿನ ಮೇಲೆ ಆ ಗಾಳಿ ಏಳುವುದಿಲ್ಲ. ಸುಸ್ತಾದರೆ ಕೂರಲು ಜಾಗವೂ ಇಲ್ಲ. ಹಾಗಾಗಿ ಕೆನಡಾ ಕಡೆಯಿಂದ ದಕ್ಷಿಣಕ್ಕೆ ಹೊರಟವು ನೀರು ಸಿಕ್ಕಿದ ಕೂಡಲೇ ತಿರುಗಿ ದಡದಗುಂಟ ಇಳಿಯುತ್ತವೆ. ಆ ದಡ ಮುಗಿಯುವುದು ಡುಲುತ್‌ನಲ್ಲಿ. ಎಣ್ಣೆ ಸುರಿಯುವ ಆಲಿಕೆಯ ಬಾಯಿ ಇದ್ದ ಹಾಗೆ. 2003ರ ಸೆಪ್ಟೆಂಬರ್ 15ರಂದು ಒಂದೇ ದಿನ ಬ್ರಾಡ್‌ವಿಂಗ್ ಅನ್ನುವ ಜಾತಿಯ 1,01,698 ಗಿಡುಗಗಳನ್ನು ಇಲ್ಲಿ ಎಣಿಸಿದ್ದಾರೆ. ಒಂದು ಲಕ್ಷ! ಎಣಿಸಿದವರ ಕುತ್ತಿಗೆಯ ಗತಿ ಏನಾಗಿತ್ತೋ.

ಒಂದು ಕಾಲಕ್ಕೆ ಇದೇ ಗುಡ್ಡದ ಮೇಲೆ ಜನ ಬಂದೂಕು ಹಿಡಿದು ನಿಲ್ಲುತ್ತಿದ್ದರು. ಕೋಳಿ ತಿನ್ನುವ ಪ್ರಾಣಿ, ಹೊಡೆದರೆ ಪುಣ್ಯ ಅನ್ನುವ ಲೆಕ್ಕ. ಊರಿನ ಪಕ್ಷಿಪ್ರಿಯರು ಜಗಳವಾಡಿ ಅದನ್ನು ನಿಲ್ಲಿಸಿದರು. 1972ರಿಂದ ಪ್ರತಿ ವರ್ಷ ಎಣಿಕೆಯೂ ನಡೆಯುತ್ತಿದೆ, ಬಳೆ ಹಾಕುವುದೂ ನಡೆಯುತ್ತಿದೆ.

ಶುಕ್ರವಾರ ರಾತ್ರಿ ಮಳೆ ಹೊಡೆದು ಹೋಗಿತ್ತು. ಶನಿವಾರ ವಾಯವ್ಯದಿಂದ ಗಾಳಿ. "ಇದೇ ಗಾಳಿ ಬೇಕಿತ್ತು" ಅಂದರು ಬ್ಯಾಂಡರ್. ಅರವತ್ತು ದಾಟಿದ ಹೆಂಗಸು, ಮಾತು ಕಮ್ಮಿ. ಫ್ಲಾಸ್ಕಿನ ಕಾಫಿ ಕುಡಿಯುವಾಗಲೂ ಕಣ್ಣು ಕಿಂಡಿಯನ್ನು ಬಿಟ್ಟು ಕದಲುತ್ತಿರಲಿಲ್ಲ.

ಗೂಡಿನ ಗೋಡೆಯಲ್ಲಿ ಮೊಳೆಗೆ ಒಂದು ತಂತಿ ಬುಟ್ಟಿ ನೇತುಹಾಕಿದ್ದರು. ಬೋಗುಣಿ ಬೋರಲು ಹಾಕಿದ ಹಾಗಿತ್ತು. ಮೇಲೆಲ್ಲ ನೈಲಾನ್ ದಾರದ ಸಣ್ಣ ಸಣ್ಣ ಉರುಳು. ಇದೇನು ಅಂತ ಕೇಳಿದೆ. "ಬ್ಯಾಲ್ ಚಾಟ್ರಿ" ಅಂದರು. ನನಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಕೇಳಿದ ಮೇಲೆ ತಲೆಗೆ ಹೊಳೆಯಿತು. ಛತ್ರಿ! ನಮ್ಮ ಛತ್ರಿ! ಒಳಗೆ ಇಲಿಯನ್ನೋ ಗುಬ್ಬಚ್ಚಿಯನ್ನೋ ಬಿಟ್ಟು ರಸ್ತೆ ಬದಿಗೆ ಇಟ್ಟರೆ, ಮೇಲೆ ಬಂದು ಕೂತ ಗಿಡುಗದ ಬೆರಳು ಉರುಳಿಗೆ ಸಿಕ್ಕಿಕೊಳ್ಳುತ್ತೆ. ನಮ್ಮ ದೇಶದ ಹಕ್ಕಿ ಹಿಡಿಯುವವರು ಮಾಡುತ್ತಿದ್ದ ಬುಟ್ಟಿ ಇದು. ಉರುಳಿಗೆ ಆಗ ಕುದುರೆಯ ಕೂದಲು. 1959ರಲ್ಲಿ ಬರ್ಗರ್ ಮತ್ತು ಮುಲ್ಲರ್ ಅನ್ನುವವರು ಇದರ ಬಗ್ಗೆ ಒಂದು ಲೇಖನ ಬರೆದರು. ಈಗ ಅಮೆರಿಕದಲ್ಲಿ ಗಿಡುಗ ಹಿಡಿಯುವವರಿಗೆಲ್ಲ ಇದು ಗೊತ್ತು.

ಎದುರಿಗೆ ಎರಡು ಕಂಬಗಳ ನಡುವೆ ತೂಗುತ್ತಿದ್ದ ಬಲೆಯ ಹೆಸರು "ಡೋ ಗಾಜಾ". ಇದಂತೂ ಕೇಳಿದ ಕೂಡಲೇ ಗೊತ್ತಾಯಿತು. ದೋ ಗಜ್, ಎರಡು ಗಜ. ಬಟ್ಟೆ ಅಂಗಡಿಯ ಗಜ. ಹಕ್ಕಿ ಬಂದು ಬಡಿದರೆ ಬಲೆ ಕ್ಲಿಪ್ಪಿನಿಂದ ಕಳಚಿಕೊಂಡು ಅದರ ಸುತ್ತ ಚೀಲದ ಹಾಗೆ ಮುಚ್ಚಿಕೊಳ್ಳುತ್ತೆ. ಇಪ್ಪತ್ತು ವರ್ಷದಿಂದ ಬಾಯಲ್ಲಿ ಹೇಳುತ್ತಾ ಬಂದಿದ್ದ ಪದಗಳ ಅರ್ಥವನ್ನು ನಾನು ಹೇಳಿದಾಗ ಬ್ಯಾಂಡರ್ ಮೊದಲ ಬಾರಿಗೆ ಕಿಂಡಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು.

ಅದೇ ಹೊತ್ತಿಗೆ ಹಕ್ಕಿ ಬಂತು. ನಾನು ನೋಡಲೇ ಇಲ್ಲ. "ಎಳೆ!" ಅಂದರು, ಎಳೆದೆ. ಬೂದುಬಣ್ಣದ್ದೇನೋ ಮರದ ಸಾಲಿನಿಂದ ಕಲ್ಲು ಬೀಸಿದ ಹಾಗೆ ಬಂತು. ಧಪ್ ಅಂತ ಸದ್ದು. ಬಲೆ ಇಲ್ಲ, ಕಂಬ ಮಾತ್ರ ಇದೆ. ನೆಲದ ಮೇಲೆ ಒಂದು ಉಂಡೆ ಒದ್ದಾಡುತ್ತಿದೆ. ಪಾರಿವಾಳ ಒಂದಡಿ ಈಚೆ ಕೂತು ಕತ್ತು ಉದ್ದ ಮಾಡಿ ನೋಡುತ್ತಿದೆ.

ಅದು ಶಾರ್ಪ್‌ಶಿನ್. ಇಲ್ಲಿ ಬಲೆಗೆ ಅತಿ ಹೆಚ್ಚು ಬೀಳುವ ಗಿಡುಗ. ನಮ್ಮೂರ ತೋಟಗಳಲ್ಲಿ ಕಾಣುವ ಶಿಕ್ರಾ ನೋಡಿದ್ದರೆ ಇದರ ಚಹರೆ ಗೊತ್ತಾಗುತ್ತೆ, ಅದೇ ವಂಶ. ಗಂಡು ಬರೀ 100 ಗ್ರಾಂ ಆಸುಪಾಸು, ಹೆಚ್ಚುಕಮ್ಮಿ ಒಂದು ಮೈನಾದ ತೂಕ. ಹೆಣ್ಣು 170ರ ಹತ್ತಿರ. ಗಿಡುಗಗಳಲ್ಲಿ ಹೆಂಡತಿಯೇ ದೊಡ್ಡವಳು.

ಗಿಡುಗ ಅಂದರೆ ಕೊಕ್ಕಿಗೆ ಹೆದರಬೇಕು ಅಂದುಕೊಂಡಿದ್ದೆ. ಹೆದರಬೇಕಾದ್ದು ಕಾಲಿಗೆ. ಎರಡೂ ಕಾಲನ್ನು ಪಾದದ ಮೇಲೆ ಸೇರಿಸಿ ಹಿಡಿದರೆ ಹಕ್ಕಿ ನಿಮ್ಮದು, ಇಲ್ಲದಿದ್ದರೆ ನೀವು ಹಕ್ಕಿಯವರು. ಇದನ್ನು ನನಗೆ ಮೂರು ಸಲ ಹೇಳಿದ್ದರು. ಐದನೆಯ ಹಕ್ಕಿಯನ್ನು ಬಲೆಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟಾಗ ಒಂದು ಕಾಲು ಜಾರಿತು. ಹೆಬ್ಬೆರಳಿನ ಬುಡಕ್ಕೆ ನಾಲ್ಕು ಸೂಜಿ ಒಟ್ಟಿಗೆ ಇಳಿದವು. ಎಳೆದುಕೊಳ್ಳಲು ಹೋದೆ. "ಎಳೀಬೇಡ!" ಅಂದರು. ಎಳೆದಷ್ಟೂ ಬಿಗಿಯುತ್ತೆ. ಗಿಡುಗದ ಬೆರಳು ಮಡಚುವ ಸ್ನಾಯುವಿನ ಹುರಿ ಒಳಗೇ ಹಲ್ಲಿಗೆ ಹಲ್ಲು ಕಚ್ಚಿ ನಿಂತುಬಿಡುತ್ತಂತೆ, ಬಿಗಿಹಿಡಿಯಲು ಅದಕ್ಕೆ ಶಕ್ತಿಯೇ ಬೇಕಿಲ್ಲ. ಅವರು ಮೆಲ್ಲಗೆ ಹಕ್ಕಿಯ ಕಾಲನ್ನು ಹಿಡಿದು ನೇರ ಮಾಡಿದರು. ಕಾಲು ಚಾಚಿದ ಕೂಡಲೇ ಮುಷ್ಟಿ ತಾನಾಗಿ ಬಿಚ್ಚಿತು. ನಾಲ್ಕು ಕೆಂಪು ಚುಕ್ಕಿ. ನೋವಿಗಿಂತ ನಾಚಿಕೆ ಜಾಸ್ತಿ ಆಯಿತು.

ಹಿಡಿದ ಹಕ್ಕಿಯನ್ನು ತಲೆ ಕೆಳಗಾಗಿ ಒಂದು ಡಬ್ಬಿಯೊಳಗೆ ಇಳಿಸುತ್ತಾರೆ. ಚಿಪ್ಸ್ ಬರುವ ಉದ್ದನೆ ರಟ್ಟಿನ ಡಬ್ಬಿ. ಒಳಗೆ ಕತ್ತಲೆ, ರೆಕ್ಕೆ ಬಡಿಯಲು ಜಾಗ ಇಲ್ಲ. ಹಕ್ಕಿ ತಣ್ಣಗಾಗುತ್ತೆ. ಬಾಲ ಮತ್ತು ಎರಡು ಹಳದಿ ಕಾಲು ಮಾತ್ರ ಹೊರಗೆ. ಡಬ್ಬಿಯನ್ನೇ ತಕ್ಕಡಿಯ ಮೇಲಿಟ್ಟು ತೂಕ. ಸ್ಕೇಲು ಹಿಡಿದು ರೆಕ್ಕೆಯ ಉದ್ದ. ಕಣ್ಣಿನ ಬಣ್ಣ: ಈ ವರ್ಷ ಮೊಟ್ಟೆಯೊಡೆದದ್ದಾದರೆ ಹಳದಿ, ಬೆನ್ನು ಕಂದು. ದೊಡ್ಡದಾದರೆ ಕಣ್ಣು ಕಿತ್ತಳೆಯಿಂದ ಕೆಂಪಿಗೆ ತಿರುಗಿರುತ್ತೆ, ಬೆನ್ನು ಸ್ಲೇಟಿನ ಬಣ್ಣ. ಗಂಟಲ ಚೀಲ ಮುಟ್ಟಿ ಊಟ ಆಗಿದೆಯೋ ಇಲ್ಲವೋ ನೋಡಬೇಕು. ಅವರು ಹೇಳುವುದು, ನಾನು ಬರೆಯುವುದು. ನಮ್ಮೂರ ರೇಷನ್ ಅಂಗಡಿಯ ಗುಮಾಸ್ತನ ಹಾಗೆ, ತಲೆ ಎತ್ತದೆ.

ಆಮೇಲೆ ಬಳೆ. ಅಲ್ಯೂಮಿನಿಯಂದು. ಅದರ ಮೇಲೆ ಸಂಖ್ಯೆ. ಗಂಡಿಗೊಂದು ಅಳತೆ, ಹೆಣ್ಣಿಗೊಂದು. ದೊಡ್ಡ ಗಿಡುಗವಾದರೆ ಮಾಮೂಲಿ ಬಳೆಯನ್ನು ಕೊಕ್ಕಿನಿಂದ ಅಗಲಿಸಿ ಬಿಸಾಕುತ್ತೆ. ಅದಕ್ಕೇ ಅಂಥವುಗಳ ಬಳೆಯಲ್ಲಿ ಒಂದು ಸಣ್ಣ ನಾಲಿಗೆ ಇರುತ್ತೆ. ಇಕ್ಕಳದಲ್ಲಿ ಬಳೆ ಒತ್ತಿ ಮುಚ್ಚಬೇಕು, ನಾಲಿಗೆ ಇದ್ದರೆ ಅದನ್ನೂ ಮಡಚಬೇಕು. ಟಿಕ್ ಅಂತ ಶಬ್ದ. ಬಳೆ ಕಾಲಿನ ಮೇಲೆ ಸಲೀಸಾಗಿ ತಿರುಗಬೇಕು, ಆದರೆ ಪಾದದ ಮೇಲೆ ಜಾರಬಾರದು. ಅವರು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದರು. ಬಳೆಗಾರ ಕೈ ಹಿಡಿದು ನೋಡುವ ಹಾಗೇ.

ಬಲೆಯಿಂದ ತೆಗೆದು ಬಳೆ ಹಾಕಿ ಮುಗಿಸುವುದಕ್ಕೆ ಹತ್ತು ನಿಮಿಷ ಸಾಕು. ಮುಂದಿನದ್ದರ ಬಗ್ಗೆ ನನಗೆ ಮೊದಲಿನಿಂದಲೂ ತಕರಾರು ಇತ್ತು.

ಗುಡ್ಡದ ತುದಿಯಲ್ಲಿ ರಸ್ತೆ ಬದಿಯೇ ಎಣಿಕೆಯ ಜಾಗ. ಸೆಪ್ಟೆಂಬರಿನ ವಾರಾಂತ್ಯ ಅಲ್ಲಿ ಜಾತ್ರೆ. ಮಡಚುವ ಕುರ್ಚಿ, ಥರ್ಮಾಸು, ಮಕ್ಕಳು, ನಾಯಿ. ಬಳೆ ಹಾಕಿದ ಕೆಲವು ಹಕ್ಕಿಗಳನ್ನು ಅಲ್ಲಿಗೆ ಒಯ್ದು ಜನಕ್ಕೆ ತೋರಿಸುತ್ತಾರೆ. ದೇಣಿಗೆ ಕೊಟ್ಟರೆ ಒಂದು ಹಕ್ಕಿಯನ್ನು "ದತ್ತು" ತೆಗೆದುಕೊಂಡು ನಿಮ್ಮ ಕೈಯಾರೆ ಹಾರಿಬಿಡಬಹುದು. ಮುಂದೆ ಯಾವತ್ತಾದರೂ ಅದರ ಬಳೆ ಸಿಕ್ಕರೆ ನಿಮಗೆ ತಿಳಿಸುತ್ತಾರೆ. ಪ್ರೇಕ್ಷಕನಾಗಿದ್ದಾಗ ನನಗೆ ಇದು ಸರಿ ಕಂಡಿರಲಿಲ್ಲ. ಹಿಡಿದಿದ್ದೂ ನೀವೇ, ಬಿಡುವುದಕ್ಕೆ ದುಡ್ಡು ಕೇಳುವುದೂ ನೀವೇ! ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರ ಹಿಂದೆ ಒಬ್ಬ ಪಂಜರದ ಗಿಳಿ ಇಟ್ಟುಕೊಂಡು "ಬಿಡಿಸಿ, ಪುಣ್ಯ ಬರುತ್ತೆ" ಅನ್ನುತ್ತಿದ್ದ. ಅವನ ನೆನಪಾಗುತ್ತಿತ್ತು.

ಶನಿವಾರ ಎರಡು ಡಬ್ಬಿ ಹಿಡಿದು ಬ್ಯಾಂಡರ್ ಹಿಂದೆ ಗುಡ್ಡ ಹತ್ತಿದ್ದು ನಾನೇ. ಸುತ್ತ ಐವತ್ತು ಜನ ಸೇರಿದರು. ಮುಂದಿನ ಸಾಲಿನಲ್ಲಿ ಒಂದು ಕನ್ನಡದ ಸಂಸಾರ. ಗಂಡ, ಹೆಂಡತಿ, ಮತ್ತೆ ದಾವಣಗೆರೆಯಿಂದ ಬಂದ ಗಂಡನ ತಾಯಿ. ಸೀರೆ, ಮೇಲೆ ದಪ್ಪ ಜಾಕೆಟ್, ಕಾಲಿಗೆ ಸೊಸೆಯ ಸ್ಪೋರ್ಟ್ಸ್ ಶೂ. ನನ್ನ ಮುಖ ನೋಡಿದ ಕೂಡಲೇ "ನೀವು ನಮ್ ಕಡೇವ್ರಾ?" ಅಂದರು.

ನನಗೆ ಹುರುಪು ಬಂತು. ಕನ್ನಡದಲ್ಲೇ ವಿವರಿಸಿದೆ. "ನೋಡಿ ಅಮ್ಮಾ, ಹೀಗೆ ಹಿಡಿದು ಕಾಲುಂಗುರ ತೊಡಿಸ್ತಾರೆ."

"ಕಾಲುಂಗುರ ಅಲ್ಲಪ್ಪ," ಅಂದರು. "ಕಾಲುಂಗುರ ಬೆರಳಿಗೆ ಹಾಕೋದು. ಇದು ಕಾಲಿಗೆ ಐತಿ. ಕಡಗ ಅನ್ನು."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದರಂತೆ. ಅವತ್ತಿನಿಂದ ನಾನು ಕಡಗ ಅಂತಲೇ ಅನ್ನುತ್ತಿದ್ದೇನೆ.

ಸರೋವರದ ಕಥೆ ಹೇಳಿದಾಗಲೂ ಬಿಡಲಿಲ್ಲ. "ನಮ್ ನಾಗಾಲ್ಯಾಂಡಿನ ಹಕ್ಕಿ ಸಮುದ್ರಾನೇ ದಾಟ್ತಾವಂತಲ್ಲ? ಇವು ಕೆರೀಗೆ ಹೆದರ್ತಾವಾ?" ಪೇಪರಿನಲ್ಲಿ ಓದಿದ್ದರಂತೆ. ಅಮುರ್ ಫಾಲ್ಕನ್ ವಿಷಯ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹದ ಟ್ಯಾಗ್ ಕಟ್ಟಿ ನಾಗಾ, ವೋಖಾ, ಪಂಗ್ಟಿ ಅಂತ ಹೆಸರಿಟ್ಟಿದ್ದರು. ಭಾರತವನ್ನು ಅಡ್ಡಕ್ಕೆ ದಾಟಿ, ಅರಬ್ಬೀ ಸಮುದ್ರದ ಮೇಲೆ ಎಲ್ಲೂ ನಿಲ್ಲದೆ ಹಾರಿ ಆಫ್ರಿಕಾಕ್ಕೆ ಹೋಗುವ ಹಕ್ಕಿ ಅದು. ಅದರದ್ದು ಉದ್ದನೆ ಚೂಪು ರೆಕ್ಕೆ, ಹಿಂದಿನಿಂದ ತಳ್ಳುವ ಗಾಳಿಯನ್ನು ಕಾದು ಹೊರಡುತ್ತೆ. ಇದರದ್ದು ಮೋಟು ರೆಕ್ಕೆ, ಕಾಡಿನ ಮರಗಳ ಸಂದಿಯಲ್ಲಿ ತಿರುಗೋಕೆ ಮಾಡಿದ್ದು. "ಹಂಗಾದ್ರ ಸರಿ" ಅಂದರು, ಉತ್ತರ ಪತ್ರಿಕೆಗೆ ಅರ್ಧ ಮಾರ್ಕು ಕೊಡುವವರ ಹಾಗೆ.

ಮಗ ದುಡ್ಡು ಕಟ್ಟಿದ. ಹಕ್ಕಿಯನ್ನು ಅಮ್ಮನ ಕೈಗೆ ಕೊಡಿಸಿದರು. ಬ್ಯಾಂಡರ್ ಅವರ ಬೆರಳುಗಳನ್ನು ಒಂದೊಂದಾಗಿ ಹಕ್ಕಿಯ ಕಾಲಿನ ಸುತ್ತ ಇಟ್ಟರು. ಇವರು ಎರಡು ಸೆಕೆಂಡು ಮಾತಾಡಲಿಲ್ಲ. ಆಮೇಲೆ "ಅಯ್ಯ, ಜ್ವರ ಬಂದಂಗೆ ಐತಲ್ಲ ಮೈ" ಅಂದರು. ಹಕ್ಕಿಯ ಮೈಬಿಸಿ 41 ಡಿಗ್ರಿಯ ಹತ್ತಿರ, ನಮ್ಮ ಲೆಕ್ಕದಲ್ಲಿ ಜೋರು ಜ್ವರವೇ. ಅದರ ಎದೆ ಅವರ ಹೆಬ್ಬೆರಳಿನ ಮೇಲೆ ಗಡಗಡ ಬಡಿಯುತ್ತಿತ್ತು. "ಎಸೀಬೇಡಿ, ಕೈ ಬಿಚ್ಚಿ ಸಾಕು" ಅಂದೆ. ಬಿಚ್ಚಿದರು. ಹಕ್ಕಿ ಮೇಲಕ್ಕೆ ಹೋಗಲಿಲ್ಲ. ಇಳಿಜಾರಿನಲ್ಲಿ ಕೆಳಗೆ ಜಾರಿ, ಬರ್ಚ್ ಮರದ ಹಳದಿ ಎಲೆಗಳ ನಡುವೆ ನುಸುಳಿ ಮಾಯವಾಯಿತು. ಅವರು ಖಾಲಿ ಕೈ ಹಾಗೇ ಹಿಡಿದುಕೊಂಡಿದ್ದರು. ಫೋಟೊ ತೆಗೆಯುವುದನ್ನು ಮಗ ಮರೆತಿದ್ದ. ಅದಕ್ಕೆ ಅಲ್ಲೇ ಬೈಸಿಕೊಂಡ.

ಅಷ್ಟರಲ್ಲಿ ಹಿಂದೆ ಒಬ್ಬ ದಪ್ಪ ಮನುಷ್ಯ ಕೂಗಿಕೊಂಡ. ಗಿಡುಗದ ಪುಕ್ಕದೊಳಗೆ ಒಂದು ಜಾತಿಯ ಚಪ್ಪಟೆ ನೊಣ ಇರುತ್ತೆ, ರಕ್ತ ಕುಡಿಯುವಂಥದ್ದು. ಯಾರೋ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಹಕ್ಕಿಯನ್ನು ಹಿಡಿದರೆ ಹೊರಗೆ ಬಂದು ಏಡಿಯ ಹಾಗೆ ಅಡ್ಡಡ್ಡ ಓಡುತ್ತೆ. ಎರಡನೆಯ ಹಕ್ಕಿಯದ್ದು ಅವನ ಕಾಲರಿನೊಳಗೆ ಹೋಗಿತ್ತು. ಅವನು ಜಾಕೆಟ್ ಬಿಚ್ಚಿ, ಸ್ವೆಟರ್ ಬಿಚ್ಚಿ ಕುಣಿಯುವುದನ್ನು ನೋಡಿ ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ.

ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಎಂಟೊಂಬತ್ತು ವರ್ಷ ಇರಬೇಕು. "ಪಾರಿವಾಳಕ್ಕೆ ಏನಾಗುತ್ತೆ?" ಅಂತ ಕೇಳಿದಳು. ಜಾಕೆಟ್ ಇರುತ್ತೆ, ಗಂಟೆಗೊಮ್ಮೆ ಬದಲಾಯಿಸುತ್ತಾರೆ, ಕಾಳು ನೀರು ಕೊಡುತ್ತಾರೆ, ಬಲೆ ಬೇಗ ಮುಚ್ಚುತ್ತೆ ಅಂತೆಲ್ಲ ಹೇಳಿದೆ. "ಅದಕ್ಕೆ ಹೆದರಿಕೆ ಆಗಲ್ವಾ?" ಆಗುತ್ತೆ ಅಂದೆ. ಬೇರೆ ಏನು ಹೇಳಲಿ? ದಾರ ಎಳೆದವನು ನಾನೇ ಅಲ್ವಾ.

ಸಂಜೆಯೊಳಗೆ ಮೂವತ್ತೆಂಟು ಹಕ್ಕಿ. ರಾತ್ರಿ ಗೂಬೆ ಹಿಡಿಯುವುದನ್ನೂ ನೋಡಿದೆ. ಕಾಡಿನೊಳಗೆ ಸಣ್ಣ ಸ್ಪೀಕರಿನಲ್ಲಿ ಟೂ ಟೂ ಟೂ ಅಂತ ಕೂಗು ಹಾಕಿಟ್ಟರೆ ಸಾವೆಟ್ ಗೂಬೆ ಬಂದು ಬಲೆಗೆ ಬೀಳುತ್ತೆ. ಮುಷ್ಟಿಯಷ್ಟು ಗಾತ್ರ. ರೆಕ್ಕೆ ಬಿಡಿಸಿ ಅಡಿಗೆ ನೇರಳಾತೀತ ಟಾರ್ಚು ಹಿಡಿದರೆ ಹೊಸ ಗರಿಗಳು ಬಣ್ಣದ ಪೆನ್ಸಿಲಿನಲ್ಲಿ ಬಳಿದ ಹಾಗೆ ಗುಲಾಬಿ ಹೊಳೆಯುತ್ತವೆ, ಹಳೆಯ ಗರಿಗಳು ಮಂಕು. ವಯಸ್ಸು ಹೇಳುವುದು ಹೀಗೆ. ದಿನವೆಲ್ಲ ನೋಡಿದ್ದರಲ್ಲಿ ಇದೇ ಚೆಂದ ಅನ್ನಿಸಿತು.

ಆಮೇಲೆ ಲೆಕ್ಕ ನೋಡುವಾಗ ನನ್ನ ತಪ್ಪು ಸಿಕ್ಕಿತು. ಕಡಗಗಳು ಸಂಖ್ಯೆಯ ಕ್ರಮದಲ್ಲೇ ಪೋಣಿಸಿ ಬರುತ್ತವೆ. ನನ್ನ ಹಾಳೆಯಲ್ಲಿ 45 ಆದ ಮೇಲೆ 64, ಆಮೇಲೆ 47. 46 ಅನ್ನು ತಿರುಗಿಸಿ ಬರೆದಿದ್ದೆ. ಬ್ಯಾಂಡರ್ ಸಿಟ್ಟಾಗಲಿಲ್ಲ. ಪೆನ್ನು ನನ್ನ ಮುಂದಿಟ್ಟು ಸುಮ್ಮನೆ ಕೂತರು. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಕಡಗ ಹಾಕಿದ ನೂರು ಗಿಡುಗಗಳಲ್ಲಿ ಒಂದೋ ಎರಡೋ ಮತ್ತೆ ಯಾರಿಗಾದರೂ ಸಿಗುತ್ತವೆ. ಮೆಕ್ಸಿಕೊದಲ್ಲಿ ಯಾರೋ ಸತ್ತ ಹಕ್ಕಿಯ ಕಾಲು ನೋಡಿ, ಸಂಖ್ಯೆ ಓದಿ, ಪುಣ್ಯ ಕಟ್ಟಿಕೊಂಡು ತಿಳಿಸುತ್ತಾರೆ ಅಂತಿಟ್ಟುಕೊಳ್ಳಿ. ಇಲ್ಲಿ ಪುಸ್ತಕದಲ್ಲಿ ಆ ಸಂಖ್ಯೆಯೇ ಇಲ್ಲ, ಅಥವಾ ಬೇರೆ ಹಕ್ಕಿಯ ಹೆಸರಿನಲ್ಲಿದೆ. ಪಾರಿವಾಳ ಹೆದರಿದ್ದೂ ದಂಡ, ಗಿಡುಗ ಡಬ್ಬಿಯಲ್ಲಿ ಕೂತಿದ್ದೂ ದಂಡ. ಭಾನುವಾರ ಪ್ರತಿ ಸಂಖ್ಯೆಯನ್ನೂ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ.

ಹೇಳುವುದಕ್ಕೆ ಜಾಸ್ತಿ ಇರಲಿಲ್ಲ. ಗಾಳಿ ತಿರುಗಿತ್ತು. ಸರೋವರದ ಕಡೆಯಿಂದ ಮಂಜು ಎದ್ದು ಗುಡ್ಡವನ್ನು ನುಂಗಿತ್ತು. ಕೆಳಗೆ ಎಲ್ಲೋ ಅದಿರಿನ ಹಡಗು ಹಾರ್ನ್ ಹೊಡೆಯುವುದು ಮಾತ್ರ ಕೇಳುತ್ತಿತ್ತು. ಜನ ಮಾತ್ರ ಶನಿವಾರಕ್ಕಿಂತ ಜಾಸ್ತಿ. ಮಧ್ಯಾಹ್ನ ಎರಡಾದರೂ ಬಲೆಗೆ ಬಿದ್ದದ್ದು ಸೊನ್ನೆ. ಮೇಲಿನಿಂದ ವಾಕಿಟಾಕಿಯಲ್ಲಿ ಕೇಳುತ್ತಲೇ ಇದ್ದರು: ಏನಾದರೂ ಇದೆಯಾ? ಅರವತ್ತು ಜನ ಇದ್ದಾರೆ. ಮಕ್ಕಳಿದ್ದಾರೆ.

ಎರಡೂವರೆಗೆ ಒಂದು ಬಂತು. ಎಳೆಯ ಗಂಡು ಶಾರ್ಪ್‌ಶಿನ್. ಕಡಗ ಹಾಕಿದರು, ಸಂಖ್ಯೆ ಎರಡು ಸಲ ಓದಿದೆ. ನಾನು ಸ್ಕೇಲು ಕೊಡಲು ಕೈ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಹಕ್ಕಿಯ ಮುಖ ನೋಡುತ್ತಿದ್ದರು. ಬಾಯಿ ತೆರೆದು ಉಸಿರಾಡುತ್ತಿತ್ತು, ನಾಲಿಗೆ ಕಾಣುವಷ್ಟು. ಎದೆಯ ಮೂಳೆ ಎದ್ದು ಕಾಣುತ್ತಿತ್ತು.

"ಇವನು ಮೇಲಕ್ಕೆ ಬರಲ್ಲ" ಅಂದರು. ಕಿಂಡಿಯ ಪಕ್ಕದ ಬಾಗಿಲು ತಳ್ಳಿ, ಅಲ್ಲೇ ಮಂಡಿಯೂರಿ ಕೈ ಬಿಚ್ಚಿದರು. ಹಕ್ಕಿ ಹತ್ತಿರದ ಪೊದೆಯ ಕೊಂಬೆಗೆ ಹೋಗಿ ಕೂತು, ಪುಕ್ಕ ಕೊಡವಿ, ಒಂದು ಸಲ ಕಾಲು ನೋಡಿಕೊಂಡು ಹಾರಿತು. ಹಾಳೆಯಲ್ಲಿ ತೂಕದ ಕಾಲಂ ಖಾಲಿ, ರೆಕ್ಕೆಯ ಕಾಲಂ ಖಾಲಿ.

ವಾಕಿಟಾಕಿ ಮತ್ತೆ ಕೇಳಿತು. ಅವರು ಅದನ್ನು ನನ್ನ ಕೈಗೆ ಕೊಟ್ಟು "ನೀನೇ ಮೇಲೆ ಹೋಗಿ ಹೇಳು, ರೇಡಿಯೋದಲ್ಲಿ ಬೇಡ" ಅಂದರು. ಜಾತ್ರೆ ಮಾಡುತ್ತಾರೆ ಅಂತ ಮೂರು ವರ್ಷ ಗೊಣಗಿದವನು ಈಗ ಜಾತ್ರೆಗೆ ಬಂದವರ ಮುಂದೆ ಹೋಗಿ ದೇವರಿಲ್ಲ ಅಂತ ಹೇಳಬೇಕಾಯಿತು. ಹೇಳಿದೆ. ಒಂದು ಬಂದಿತ್ತು, ಸುಸ್ತಾಗಿತ್ತು, ಬಿಟ್ಟುಬಿಟ್ಟೆವು. ಒಬ್ಬರು ನಾಲ್ಕು ಗಂಟೆ ಡ್ರೈವ್ ಮಾಡಿ ಬಂದಿದ್ದೇವೆ ಅಂದರು. ಕೆಲವರು ಕುರ್ಚಿ ಮಡಚಿದರು. ನಿನ್ನೆಯ ಹುಡುಗಿ ಇವತ್ತೂ ಬಂದಿದ್ದಳು. ಪಾರಿವಾಳ ಹೇಗಿದೆ ಅಂತ ಕೇಳಿದಳು. ಜೋಳ ತಿಂತಿದೆ ಅಂದೆ, ಅದು ನಿಜವೇ.

ವಾಪಸು ಬರುವಾಗ ಹಿಂಕ್ಲಿಯಲ್ಲಿ ಕಾಫಿಗೆ ನಿಲ್ಲಿಸಿದೆ. ಹೆಬ್ಬೆರಳ ಬುಡದ ನಾಲ್ಕು ಚುಕ್ಕಿ ಊದಿಕೊಂಡಿತ್ತು. ಕೌಂಟರಿನ ಹುಡುಗಿ ಚಿಲ್ಲರೆ ಕೊಡುತ್ತಾ ನನ್ನ ಕುತ್ತಿಗೆಯ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಮುಟ್ಟಿ ನೋಡಿಕೊಂಡೆ. ಚಪ್ಪಟೆಯದೊಂದು ಕಾಲರಿನ ಅಂಚಿನಲ್ಲಿ ಅಡ್ಡಡ್ಡ ಓಡುತ್ತಿತ್ತು, ಹಿಡಿಯುವಷ್ಟರಲ್ಲಿ ಒಳಗೆ ಹೋಯಿತು.